ನೆರೆಯ ಬಿಕ್ಕಟ್ಟು, ದೆಹಲಿಯ ನೀತಿ, ಗಡಿರಾಜ್ಯಗಳ ಪಟ್ಟು

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಕೆಲವೇ ವಾರಗಳಲ್ಲಿ ಚಿನ್ ಬೆಟ್ಟಸೀಮೆಯ ಜನ ಟಿಯಾವು ನದಿ ದಾಟಿ ಮಿಜೋರಾಂಗೆ ಬರತೊಡಗಿದರು. ಮೊದಲು ಬಂದವರಲ್ಲಿ ಪೊಲೀಸರೂ ಇದ್ದರು. ಪ್ರತಿಭಟನೆಗೆ ಇಳಿದ ಜನರ ಮೇಲೆ ಗುಂಡು ಹಾರಿಸುವ ಆದೇಶಕ್ಕೆ ಮನಸ್ಸು ಒಪ್ಪದೆ ಕೆಲಸ ಬಿಟ್ಟು ಬಂದೆವು ಎಂದು ಅವರು ಹೇಳಿಕೊಂಡರು. ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯವು ಗಡಿಗೆ ಹೊಂದಿಕೊಂಡ ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಣಿಪುರ ಮತ್ತು ಮಿಜೋರಾಂ ಸರ್ಕಾರಗಳಿಗೆ ಪತ್ರ ಬರೆಯಿತು. ಒಳನುಸುಳುವಿಕೆ ತಡೆಯಿರಿ, ಯಾರಿಗೂ ನಿರಾಶ್ರಿತರ ಸ್ಥಾನಮಾನ ನೀಡುವ ಅಧಿಕಾರ ರಾಜ್ಯಗಳಿಗಿಲ್ಲ, 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ ಎಂಬುದು ಅದರ ಸಾರ.

ಪತ್ರ ಒಂದೇ. ಅಕ್ಕಪಕ್ಕದ ಎರಡು ರಾಜ್ಯಗಳು ಅದಕ್ಕೆ ನಡೆದುಕೊಂಡ ಬಗೆ ಬೇರೆ ಬೇರೆ. ಮಣಿಪುರದ ಗೃಹ ಇಲಾಖೆ ಮಾರ್ಚ್ 26ರಂದು ಗಡಿ ಜಿಲ್ಲೆಗಳ ಅಧಿಕಾರಿಗಳಿಗೆ ಆದೇಶ ಹೊರಡಿಸಿತು: ಬಂದವರಿಗೆ ಊಟ, ವಸತಿಗಾಗಿ ಶಿಬಿರ ತೆರೆಯಬಾರದು, ಅವರನ್ನು ವಿನಯದಿಂದಲೇ ಹಿಂದಕ್ಕೆ ಕಳುಹಿಸಬೇಕು. ಎಲ್ಲೆಡೆ ಆಕ್ರೋಶ ಎದ್ದ ಮೇಲೆ ಮೂರೇ ದಿನದಲ್ಲಿ ಆ ಆದೇಶ ಹಿಂದೆ ಸರಿಯಿತು. ಮಿಜೋರಾಂ ಮುಖ್ಯಮಂತ್ರಿ ಜೋರಾಮ್‌ಥಂಗಾ ಅವರು ಅದಕ್ಕೆ ವಾರ ಮೊದಲೇ, ಮಾರ್ಚ್ 18ರಂದು, ಪ್ರಧಾನಿಗೆ ನೇರವಾಗಿ ಬರೆದಿದ್ದರು. ಗಡಿಯಾಚೆಯ ಚಿನ್ ಜನ ನಮ್ಮ ರಕ್ತಸಂಬಂಧಿಗಳು, ಅವರ ಸಂಕಟಕ್ಕೆ ಮಿಜೋರಾಂ ಬೆನ್ನು ತಿರುಗಿಸಲಾಗದು ಎಂಬುದು ಅವರ ನಿಲುವಾಗಿತ್ತು. ಅವರ ಪಕ್ಷ ಆಗ ಎನ್‌ಡಿಎ ಮಿತ್ರಪಕ್ಷ. ಆದರೂ ದೆಹಲಿಯ ಮಾತು ರಾಜ್ಯದ ರಾಜಧಾನಿ ಐಜಾಲ್‌ನಲ್ಲಿ ನಡೆಯಲಿಲ್ಲ. ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್‌ನ ಊರೂರ ಶಾಖೆಗಳು, ಸಾಮಾನ್ಯ ಮನೆಗಳು ಬಂದವರಿಗೆ ಬಾಗಿಲು ತೆರೆದವು. ಅದೇ ವರ್ಷ ಅವರ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಕೊಡುವಂತೆ ರಾಜ್ಯದ ಶಿಕ್ಷಣ ಇಲಾಖೆ ಸೂಚಿಸಿತು. ಮುಂದೆ ಈ ಸಂಖ್ಯೆ 30 ಸಾವಿರ ದಾಟಿತು.

ವಿದೇಶಾಂಗ ನೀತಿ ಎಂದರೆ ಪ್ರಧಾನಿ ಕಚೇರಿ, ವಿದೇಶಾಂಗ ಸಚಿವಾಲಯ, ರಾಯಭಾರಿಗಳು ಎಂದು ಭಾವಿಸಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಭಾರತದಲ್ಲಿ ಇದು ಹೊಸದಲ್ಲ. ನೆರೆಯಲ್ಲಿ ಬೆಂಕಿ ಹತ್ತಿದಾಗ ಈ ದೇಶ ಹೇಗೆ ವರ್ತಿಸುತ್ತದೆ ಎಂಬುದು ಗಡಿಯಾಚೆಗಿನ ಘಟನೆಯಷ್ಟೇ ನಮ್ಮ ಒಳಗಿನ ಅಧಿಕಾರ ಹಂಚಿಕೆಯನ್ನೂ ಅವಲಂಬಿಸಿದೆ. ಇದನ್ನು ವಿವರಿಸುವಾಗ ಬಹಳಷ್ಟು ಜನ ಒಂದು ಸಿದ್ಧ ಸೂತ್ರ ಹಿಡಿಯುತ್ತಾರೆ: ಸಮ್ಮಿಶ್ರ ಸರ್ಕಾರವಿದ್ದರೆ ಪ್ರಾದೇಶಿಕ ಪಕ್ಷಗಳು ದೆಹಲಿಯ ಕೈ ಕಟ್ಟುತ್ತವೆ, ಪೂರ್ಣ ಬಹುಮತ ಬಂದರೆ ದೆಹಲಿ ಸ್ವತಂತ್ರ. ಈ ಸೂತ್ರ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಬಿಟ್ಟು ಮಾತನಾಡಿದ್ದರಿಂದಲೇ ಬಿಕ್ಕಟ್ಟುಗಳನ್ನು ನಿಭಾಯಿಸುವ ಸರಿಯಾದ ವ್ಯವಸ್ಥೆಯೊಂದನ್ನು ನಾವು ಇಂದಿಗೂ ಕಟ್ಟಿಕೊಂಡಿಲ್ಲ ಎಂಬುದು ನನ್ನ ವಾದ.

ಸಂವಿಧಾನ ಕೊಟ್ಟಿದ್ದು, ನೆಲ ಉಳಿಸಿಕೊಂಡಿದ್ದು

ಕಾಗದದ ಮೇಲೆ ಗೊಂದಲವೇ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ವಿದೇಶ ವ್ಯವಹಾರ, ಒಪ್ಪಂದ, ಪೌರತ್ವ, ವೀಸಾ, ವಿದೇಶಿಯರ ಪ್ರವೇಶ ಮತ್ತು ಹೊರಹಾಕುವಿಕೆ ಎಲ್ಲವೂ ಇವೆ. ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೆ ತರಲು ಸಂಸತ್ತು ರಾಜ್ಯಪಟ್ಟಿಯ ವಿಷಯದಲ್ಲೂ ಕಾನೂನು ಮಾಡಬಹುದು ಎಂದು 253ನೇ ವಿಧಿ ಹೇಳುತ್ತದೆ. ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆಯೂ ಸಾಮಾನ್ಯವಾಗಿ ಬೇಕಿಲ್ಲ. ಸಚಿವ ಸಂಪುಟ ತೀರ್ಮಾನಿಸಿದರೆ ಮುಗಿಯಿತು. ಇಷ್ಟು ಕೇಂದ್ರೀಕೃತ ಅಧಿಕಾರ ಅನೇಕ ಒಕ್ಕೂಟ ದೇಶಗಳಲ್ಲಿ ಇಲ್ಲ.

ಆದರೆ ಬಿಕ್ಕಟ್ಟು ಕಾಗದದ ಮೇಲೆ ಬರುವುದಿಲ್ಲ. ನಿರಾಶ್ರಿತರು ಬಂದರೆ ಅವರಿಗೆ ನೆಲ ಬೇಕು, ಭೂಮಿ ರಾಜ್ಯಪಟ್ಟಿಯಲ್ಲಿದೆ. ಅವರನ್ನು ತಡೆಯಬೇಕೆಂದರೂ ಕಾಯಬೇಕೆಂದರೂ ಪೊಲೀಸರು ಬೇಕು, ಅದೂ ರಾಜ್ಯದ್ದು. ನದಿ ನೀರು ಹಂಚಬೇಕೆಂದರೆ ಯಾವುದೋ ಒಂದು ಅಣೆಕಟ್ಟಿನ ಗೇಟು ಎತ್ತಬೇಕು. ಆ ಗೇಟಿನ ಕೀಲಿ ಹಲವೆಡೆ ರಾಜ್ಯದ ನೀರಾವರಿ ಇಲಾಖೆಯ ಕೈಯಲ್ಲಿದೆ.

ಕರ್ನಾಟಕಕ್ಕೆ ಇದರ ಅನುಭವವಿದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಟಿಬೆಟನ್ನರು ಬಂದರು. ಆಶ್ರಯ ಕೊಡುವ ನಿರ್ಧಾರ ನೆಹರೂ ಅವರದು. ಆದರೆ ಎಲ್ಲಿ ಇರಿಸುವುದು? ರಾಜ್ಯಗಳನ್ನು ಕೇಳಬೇಕಾಯಿತು. ಅಂದಿನ ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ದೇಶದಲ್ಲೇ ಮೊದಲ ಟಿಬೆಟನ್ ವಸಾಹತು ಅಲ್ಲಿ ಎದ್ದಿತು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ವಸಾಹತುಗಳು ಆನಂತರದವು. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಪಕ್ಷ ಆಡಳಿತ ನಡೆಸುತ್ತಿದ್ದ ಕಾಲ ಅದು. ಪಕ್ಷದೊಳಗಿನ ಒಂದು ಮಾತುಕತೆಯಲ್ಲಿ ಮುಗಿದ ಕೆಲಸಕ್ಕೆ ಯಾರೂ ಆಗ ನಿಯಮ ಬರೆಯಲಿಲ್ಲ. ಒಂದೇ ಪಕ್ಷದ ಆ ಕಾಲ ಮುಗಿದ ಮೇಲೆ, ನಿಯಮವಿಲ್ಲದ ಕೊರತೆ ಬಯಲಿಗೆ ಬಂತು.

ತಮಿಳುನಾಡು: ಒತ್ತಡ ಎರಡೂ ಕಡೆಗೆ

ಶ್ರೀಲಂಕಾದ ಪ್ರಕರಣ ಎಲ್ಲರಿಗೂ ಗೊತ್ತು ಎನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಅದು ನಾವು ಅಂದುಕೊಂಡಷ್ಟು ಸರಳವಲ್ಲ.

1983ರ ಜುಲೈಯಲ್ಲಿ ಕೊಲಂಬೊದಲ್ಲಿ ತಮಿಳರ ಹತ್ಯಾಕಾಂಡ ನಡೆದ ಮೇಲೆ ಸಾವಿರಾರು ಜನ ದೋಣಿ ಹತ್ತಿ ರಾಮೇಶ್ವರದ ಕಡೆ ಬಂದರು. ಇಡೀ ತಮಿಳುನಾಡು ಕುದಿಯಿತು. ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಎಲ್‌ಟಿಟಿಇ ಪರ ನಿಂತರೆ ವಿರೋಧದಲ್ಲಿದ್ದ ಕರುಣಾನಿಧಿ ಮತ್ತೊಂದು ತಮಿಳು ಬಣದ ಕಡೆ ಒಲಿದರು. ಉಗ್ರರ ಗುಂಪುಗಳಿಗೆ ಭಾರತದ ನೆಲದಲ್ಲೇ ತರಬೇತಿ ಸಿಕ್ಕಿತು. 1987ರ ಜೂನ್ 4ರಂದು ಬೆಂಗಳೂರಿನಿಂದ ಹಾರಿದ ವಾಯುಪಡೆಯ ಐದು ಸಾಗಣೆ ವಿಮಾನಗಳು ಜಾಫ್ನಾದ ಮೇಲೆ ಆಹಾರ, ಔಷಧದ ಮೂಟೆಗಳನ್ನು ಇಳಿಬಿಟ್ಟವು. ಎಂಟು ವಾರಗಳಲ್ಲಿ ರಾಜೀವ್ ಗಾಂಧಿ ಮತ್ತು ಲಂಕೆಯ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು, ಭಾರತದ ಶಾಂತಿಪಾಲನಾ ಪಡೆ ಲಂಕೆಗೆ ಹೋಯಿತು.

ಆಗ ರಾಜೀವ್ ಗಾಂಧಿಯವರ ಹಿಂದೆ ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸದಸ್ಯರಿದ್ದರು. ಯಾವ ಮಿತ್ರಪಕ್ಷವೂ ಅವರ ಸರ್ಕಾರವನ್ನು ಬೀಳಿಸುವಂತಿರಲಿಲ್ಲ. ಆದರೂ ಲಂಕೆಯ ಕುರಿತ ಅವರ ಪ್ರತಿ ಹೆಜ್ಜೆಯಲ್ಲಿ ತಮಿಳುನಾಡಿನ ಒತ್ತಡ ಇತ್ತು. 'ಬಹುಮತವಿದ್ದರೆ ದೆಹಲಿ ಸ್ವತಂತ್ರ' ಎಂಬ ಸೂತ್ರ ಇಲ್ಲಿಯೇ ಮುರಿದುಬೀಳುತ್ತದೆ. ಆ ಸಾಹಸಕ್ಕೆ ಸುಮಾರು 1,200 ಭಾರತೀಯ ಯೋಧರು ಬಲಿಯಾದರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದ್ರಾಸ್ ಬಂದರಿಗೆ ಬಂದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಿಸಲು ಹೋಗಲಿಲ್ಲ. ದೇಶ ಕಳುಹಿಸಿದ ಸೈನಿಕರನ್ನು ಅದೇ ದೇಶದ ಒಂದು ರಾಜ್ಯ ಬರಮಾಡಿಕೊಳ್ಳದಿದ್ದುದು ಸಣ್ಣ ಸಂಗತಿಯಲ್ಲ. ಮರುವರ್ಷ ಶ್ರೀಪೆರಂಬುದೂರಿನಲ್ಲಿ ರಾಜೀವ್ ಹತ್ಯೆಯಾಯಿತು. ಹಂತಕ ತಂಡದ ಶಿವರಸನ್ ಮತ್ತು ಜೊತೆಗಾರರ ಶವಗಳು ಸಿಕ್ಕಿದ್ದು ನಮ್ಮ ಕೋಣನಕುಂಟೆಯ ಮನೆಯೊಂದರಲ್ಲಿ.

ಇನ್ನು 2009. ಲಂಕೆಯ ಸೇನೆ ಮುಲ್ಲೈತೀವಿನ ಕಿರಿದಾದ ಕರಾವಳಿ ಪಟ್ಟಿಯಲ್ಲಿ ಎಲ್‌ಟಿಟಿಇ ಜೊತೆಗೆ ಲಕ್ಷಾಂತರ ನಾಗರಿಕರನ್ನೂ ಸುತ್ತುವರಿದಿತ್ತು. ದೆಹಲಿಯಲ್ಲಿ ಇದ್ದದ್ದು ಡಿಎಂಕೆ ಬೆಂಬಲದ ಯುಪಿಎ ಸರ್ಕಾರ. ಸಿದ್ಧ ಸೂತ್ರದ ಪ್ರಕಾರ ಭಾರತ ಆ ಯುದ್ಧ ನಿಲ್ಲಿಸಲು ಬಲವಾಗಿ ಮುಂದಾಗಬೇಕಿತ್ತು. ಆಗಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಡಿಎಂಕೆ ಸಂಸದರು ರಾಜೀನಾಮೆಯ ಬೆದರಿಕೆ ಹಾಕಿದರು, ಪ್ರಣಬ್ ಮುಖರ್ಜಿ ಚೆನ್ನೈಗೆ ಬಂದು ಮಾತನಾಡಿದ ಮೇಲೆ ಸುಮ್ಮನಾದರು. 2009ರ ಏಪ್ರಿಲ್ 27ರ ಬೆಳಿಗ್ಗೆ ಕರುಣಾನಿಧಿ ಮರೀನಾದ ಅಣ್ಣಾ ಸ್ಮಾರಕದ ಬಳಿ ಉಪವಾಸ ಕುಳಿತರು. ಭಾರೀ ಶಸ್ತ್ರಾಸ್ತ್ರ ಬಳಸುವುದಿಲ್ಲವೆಂದು ಲಂಕಾ ಸರ್ಕಾರ ಹೇಳಿದೆ ಎಂಬ ಸುದ್ದಿ ಬಂದೊಡನೆ, ಕೆಲವೇ ಗಂಟೆಗಳಲ್ಲಿ ಎದ್ದರು. ಶೆಲ್ ದಾಳಿ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಅದೇ ತಿಂಗಳ 27ರಂದು ಜಿನೀವಾದ ಮಾನವ ಹಕ್ಕು ಮಂಡಳಿಯಲ್ಲಿ ಕೊಲಂಬೊಗೆ ಅನುಕೂಲವಾದ ನಿರ್ಣಯದ ಪರ ಭಾರತ ಮತ ಹಾಕಿತು.

ಡಿಎಂಕೆ ಏಕೆ ಕೈಕಟ್ಟಿ ಕುಳಿತಿತು? 2006ರ ವಿಧಾನಸಭೆ ಚುನಾವಣೆಯಲ್ಲಿ ಡಿಎಂಕೆಗೆ 234ರಲ್ಲಿ ಬಂದಿದ್ದು 96 ಸ್ಥಾನ. ಚೆನ್ನೈಯಲ್ಲಿ ಅದು ನಡೆಸುತ್ತಿದ್ದ ಅಲ್ಪಮತದ ಸರ್ಕಾರಕ್ಕೆ ಆಸರೆಯಾಗಿದ್ದವರು ಕಾಂಗ್ರೆಸ್ಸಿನ 34 ಶಾಸಕರು. ದೆಹಲಿಯಲ್ಲಿ ಕಾಂಗ್ರೆಸ್‌ಗೆ ಡಿಎಂಕೆ ಎಷ್ಟು ಬೇಕಿತ್ತೋ ಚೆನ್ನೈಯಲ್ಲಿ ಡಿಎಂಕೆಗೆ ಕಾಂಗ್ರೆಸ್ ಅಷ್ಟೇ ಬೇಕಿತ್ತು. ರಾಜೀವ್ ಹತ್ಯೆಯ ಗಾಯ, ಕೊಲಂಬೊ ಚೀನಾದ ಕಡೆ ವಾಲುವ ಭಯ ಇವೆಲ್ಲ ದೆಹಲಿಯ ಲೆಕ್ಕದಲ್ಲಿ ಇದ್ದವು, ನಿಜ. ಆದರೆ ಆ ಲೆಕ್ಕವನ್ನು ಪ್ರಶ್ನಿಸಬಹುದಾಗಿದ್ದ ಪಕ್ಷ ತನ್ನ ಕುರ್ಚಿಯ ಸಲುವಾಗಿ ಧ್ವನಿ ತಗ್ಗಿಸಿತು. ಇತಿಹಾಸದಲ್ಲಿ ನನ್ನನ್ನು ಅತ್ಯಂತ ನೋಯಿಸುವ ರಾಜಕೀಯ ಲೆಕ್ಕಾಚಾರಗಳಲ್ಲಿ ಇದೂ ಒಂದು.

ನಾಲ್ಕು ವರ್ಷದ ನಂತರ ಚಿತ್ರವೇ ತಿರುಗಿತು. 2011ರಲ್ಲಿ ಡಿಎಂಕೆ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತ್ತು. ಕಾಂಗ್ರೆಸ್ಸಿನ ಹಂಗು ತೀರಿತ್ತು. 2013ರ ಆರಂಭದಲ್ಲಿ ಎಲ್‌ಟಿಟಿಇ ನಾಯಕ ಪ್ರಭಾಕರನ್ ಅವರ ಹನ್ನೆರಡು ವರ್ಷದ ಮಗ ಬಾಲಚಂದ್ರನ್ ಸೇನೆಯ ವಶದಲ್ಲಿ ಏನನ್ನೋ ತಿನ್ನುತ್ತಾ ಕುಳಿತಿದ್ದ ಚಿತ್ರವೂ, ಎದೆಗೆ ಗುಂಡು ಬಿದ್ದು ಸತ್ತು ಬಿದ್ದಿದ್ದ ಚಿತ್ರವೂ ಹೊರಬಂದವು. ಚೆನ್ನೈಯ ಲೊಯೊಲಾ ಕಾಲೇಜಿನ ವಿದ್ಯಾರ್ಥಿಗಳು ಉಪವಾಸ ಕುಳಿತರು, ಕಿಡಿ ರಾಜ್ಯವಿಡೀ ಹಬ್ಬಿತು. ಮಾರ್ಚ್ 19ರಂದು ಡಿಎಂಕೆಯ 18 ಸಂಸದರು ಯುಪಿಎಯಿಂದ ಹೊರನಡೆದರು. ಎರಡು ದಿನ ಬಿಟ್ಟು ಜಿನೀವಾದಲ್ಲಿ ಭಾರತ ಲಂಕೆಯ ವಿರುದ್ಧದ ನಿರ್ಣಯಕ್ಕೆ ಮತ ಹಾಕಿತು. ನವೆಂಬರ್‌ನಲ್ಲಿ ಕೊಲಂಬೊದಲ್ಲಿ ನಡೆದ ಕಾಮನ್‌ವೆಲ್ತ್ ಶೃಂಗಸಭೆಗೆ ಮನಮೋಹನ್ ಸಿಂಗ್ ಹೋಗಲಿಲ್ಲ. ಮರುವರ್ಷ, ತಮಿಳುನಾಡಿನಲ್ಲಿ ಕಾಂಗ್ರೆಸ್ ಏಕಾಂಗಿಯಾಗಿ, ಕಳೆದುಕೊಳ್ಳುವುದಕ್ಕೆ ಏನೂ ಉಳಿಯದೆ ನಿಂತಿದ್ದಾಗ, ಅದೇ ಜಿನೀವಾದಲ್ಲಿ ಭಾರತ ಮತದಾನದಿಂದಲೇ ದೂರ ಉಳಿಯಿತು.

ಜೀವಗಳನ್ನು ಉಳಿಸಬಹುದಾಗಿದ್ದ ಹೊತ್ತಿನಲ್ಲಿ ಮೌನ, ಎಲ್ಲ ಮುಗಿದ ಮೇಲೆ ಗಟ್ಟಿ ದನಿ. ರಾಜ್ಯದ ಭಾವನೆಗೆ ಅಧಿಕೃತ ವೇದಿಕೆ ಇಲ್ಲದಿದ್ದಾಗ ಅದು ಅಡ್ಡದಾರಿಗಳಲ್ಲಿ ಹರಿಯುತ್ತದೆ. 2013ರ ಐಪಿಎಲ್ ನೆನಪಿಸಿಕೊಳ್ಳಿ. ಮುಖ್ಯಮಂತ್ರಿ ಜಯಲಲಿತಾ ಪತ್ರ ಬರೆದ ಮೇಲೆ ಲಂಕೆಯ ಯಾವ ಆಟಗಾರನೂ ಚೆನ್ನೈ ಪಂದ್ಯಗಳಲ್ಲಿ ಆಡಬಾರದು ಎಂದು ತೀರ್ಮಾನವಾಯಿತು. ಆಗ ನಮ್ಮ ಆರ್‌ಸಿಬಿ ತಂಡದಲ್ಲಿದ್ದ ಮುತ್ತಯ್ಯ ಮುರಳೀಧರನ್ ಕ್ಯಾಂಡಿಯ ತಮಿಳು ಕುಟುಂಬದವರು, ಚೆನ್ನೈಯ ಅಳಿಯ. ತಮಿಳರಿಗೆ ನ್ಯಾಯ ಕೇಳುವ ಹೆಸರಿನಲ್ಲಿ ಕೈಗೊಂಡ ಕ್ರಮ ತಮಿಳರೊಬ್ಬರನ್ನೇ ಅಂಗಳದಿಂದ ಹೊರಗಿರಿಸಿತು.

ಬಂಗಾಳ: ದುರ್ಬಲ ಸರ್ಕಾರದ ಬಲವಾದ ಒಪ್ಪಂದ

2011ರ ಸೆಪ್ಟೆಂಬರ್ 6ರಂದು ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಪಶ್ಚಿಮ ಬಂಗಾಳದಿಂದ ಬಾಂಗ್ಲಾದೇಶಕ್ಕೆ ಹರಿಯುವ ತೀಸ್ತಾ ನದಿಯ ನೀರು ಹಂಚಿಕೆಯ ಕರಡು ಸಿದ್ಧವಾಗಿತ್ತು. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ ಮುಖ್ಯಮಂತ್ರಿಗಳು ಜೊತೆಗೆ ಹೋದರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಉತ್ತರ ಬಂಗಾಳದ ರೈತರಿಗೇ ಬೇಸಿಗೆಯಲ್ಲಿ ನೀರಿಲ್ಲ, ಇಷ್ಟು ಪಾಲು ಬಿಟ್ಟುಕೊಡಲಾರೆ ಎಂಬುದು ಅವರ ಆಕ್ಷೇಪ. ಒಪ್ಪಂದ ಅಲ್ಲಿಗೆ ನಿಂತಿತು. ಭಾರತ ಆಸೆಪಟ್ಟಿದ್ದ ಸಾರಿಗೆ ಮಾರ್ಗದ ಒಪ್ಪಿಗೆಯನ್ನು ಬಾಂಗ್ಲಾದೇಶವೂ ತಡೆಹಿಡಿಯಿತು. ತೃಣಮೂಲ ಕಾಂಗ್ರೆಸ್ ಆಗ ಯುಪಿಎ ಮಿತ್ರಪಕ್ಷವಾಗಿತ್ತು, ಆದ್ದರಿಂದ ಇದು ಸಮ್ಮಿಶ್ರ ರಾಜಕಾರಣದ ಫಲ ಎಂದು ಎಲ್ಲರೂ ಬರೆದರು.

2014ರಲ್ಲಿ ಬಿಜೆಪಿಗೆ 282 ಸ್ಥಾನ ಬಂದವು. ಮಮತಾ ವಿರೋಧಪಕ್ಷದಲ್ಲಿದ್ದರು, ಅವರ ಬೆಂಬಲದ ಅಗತ್ಯವೇ ಇರಲಿಲ್ಲ. 2017ರಲ್ಲಿ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ದೆಹಲಿಗೆ ಬಂದಾಗ, ತೀಸ್ತಾಕ್ಕೆ ಪರಿಹಾರ ಕಂಡುಕೊಳ್ಳುವುದು ನಮ್ಮಿಬ್ಬರ ಸರ್ಕಾರಗಳಿಂದಲೇ ಎಂದು ಪ್ರಧಾನಿ ಮೋದಿ ಹೇಳಿದರು. 2024ರ ಆಗಸ್ಟ್‌ನಲ್ಲಿ ಹಸೀನಾ ದೇಶ ಬಿಟ್ಟು ಬರುವವರೆಗೂ ಆ ಸಹಿ ಬೀಳಲಿಲ್ಲ. ಕಾರಣ ಸರಳ: ತೀಸ್ತಾ ನೀರನ್ನು ತಿರುಗಿಸುವ ಗಜಲ್‌ಡೋಬಾ ಬ್ಯಾರೇಜ್ ಪಶ್ಚಿಮ ಬಂಗಾಳದ ನೀರಾವರಿ ಇಲಾಖೆಯದು. ಸಹಿ ಹಾಕಲು ದೆಹಲಿಗೆ ಅಧಿಕಾರವಿದೆ, ನೀರು ಬಿಡಲು ಕೋಲ್ಕತ್ತ ಬೇಕು. ಕಾವೇರಿ ನೀರಿನ ವಿಷಯದಲ್ಲಿ ಕೋರ್ಟಿನ ಆದೇಶವನ್ನೂ ಜಾರಿಗೆ ತರುವುದು ಎಷ್ಟು ಕಷ್ಟವೆಂದು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಎದುರಾಗಿ 1996ರ ಡಿಸೆಂಬರ್ 12ನ್ನು ಇಡಿ. ಅಂದು ಗಂಗಾ ನೀರು ಹಂಚಿಕೆಯ ಒಪ್ಪಂದಕ್ಕೆ ಹಸೀನಾ ಅವರೊಡನೆ ಸಹಿ ಹಾಕಿದವರು ಎಚ್.ಡಿ. ದೇವೇಗೌಡ. ಹದಿಮೂರು ಪಕ್ಷಗಳ ಸಂಯುಕ್ತ ರಂಗ, ಪ್ರಧಾನಿಯ ಸ್ವಂತ ಪಕ್ಷಕ್ಕೆ ಐವತ್ತು ಸ್ಥಾನವೂ ಇಲ್ಲ, ಹೊರಗಿನಿಂದ ಕಾಂಗ್ರೆಸ್ ಬೆಂಬಲ, ಅದು ಯಾವಾಗ ಜಾರುವುದೋ ಗೊತ್ತಿಲ್ಲ. ಸ್ವತಂತ್ರ ಭಾರತದ ಅತ್ಯಂತ ದುರ್ಬಲ ಸರ್ಕಾರಗಳಲ್ಲಿ ಒಂದು, ಎರಡು ದಶಕ ಕಗ್ಗಂಟಾಗಿದ್ದ ವಿವಾದಕ್ಕೆ ಮೂವತ್ತು ವರ್ಷದ ಪರಿಹಾರ ಕೊಟ್ಟಿತು.

ಅದು ಸಾಧ್ಯವಾದದ್ದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ, ಸಿಪಿಎಂನ ಜ್ಯೋತಿ ಬಸು ಅವರಿಂದ. ಸಿಪಿಎಂ ಆ ಸರ್ಕಾರಕ್ಕೆ ಹೊರಗಿನ ಬೆಂಬಲ ನೀಡಿತ್ತು. ಆ ವರ್ಷದ ಬೇಸಿಗೆಯಲ್ಲಿ ಪ್ರಧಾನಿ ಪಟ್ಟ ಬಸು ಅವರ ಬಳಿಗೇ ಬಂದಿತ್ತು, ಪಕ್ಷ ಒಪ್ಪದ್ದರಿಂದ ದೇವೇಗೌಡರ ಕಡೆ ಹೊರಳಿತು. ಗಂಗೆಗೆ ಕಟ್ಟಿದ ಫರಕ್ಕಾ ಬ್ಯಾರೇಜ್ ತೀಸ್ತಾದ ಹಾಗಲ್ಲ, ಅದನ್ನು ನಡೆಸುವುದು ಕೇಂದ್ರವೇ. ಕೋಲ್ಕತ್ತವನ್ನು ಕೇಳದೆ ಸಹಿ ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ನವೆಂಬರ್‌ನಲ್ಲಿ ಬಸು ತಾವೇ ಢಾಕಾಕ್ಕೆ ಹೋಗಿ ಹಸೀನಾ ಅವರೊಂದಿಗೆ ಮಾತನಾಡಿದರು. ಕೋಲ್ಕತ್ತ ಬಂದರಿನ ಹೂಳು ಕೊಚ್ಚಿಹೋಗಲು ಬೇಕಾದ ನೀರಿನಲ್ಲಿ ಕೆಲವು ತಿಂಗಳು ಖೋತಾ ಆಗುವುದನ್ನು ಬಂಗಾಳವೇ ಒಪ್ಪಿಕೊಂಡಿತು.

ಒಪ್ಪಂದದ ಒಳಗನ್ನು ನೋಡಿದರೆ ಎಷ್ಟು ಸೂಕ್ಷ್ಮವಾಗಿ ಕೂಡಿ ಕಳೆದಿದ್ದಾರೆಂದು ತಿಳಿಯುತ್ತದೆ. ಜನವರಿಯಿಂದ ಮೇವರೆಗಿನ ಅವಧಿಯನ್ನು ಹತ್ತು ಹತ್ತು ದಿನದ ಕಂತುಗಳಾಗಿ ಒಡೆಯಲಾಗಿದೆ. ಫರಕ್ಕಾದಲ್ಲಿ ಹರಿವು 70 ಸಾವಿರ ಕ್ಯೂಸೆಕ್‌ವರೆಗೆ ಇದ್ದರೆ ಸಮಪಾಲು. 70ರಿಂದ 75 ಸಾವಿರದವರೆಗೆ ಬಾಂಗ್ಲಾದೇಶಕ್ಕೆ 35 ಸಾವಿರ, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40 ಸಾವಿರ, ಉಳಿದದ್ದು ಅವರಿಗೆ. ನೀರು ತೀರಾ ಕಡಿಮೆಯಾಗುವ ಮಾರ್ಚ್ 11ರಿಂದ ಮೇ 10ರವರೆಗೆ, ಒಂದು ಕಂತಿನಲ್ಲಿ ಅವರಿಗೆ ಖಚಿತವಾಗಿ 35 ಸಾವಿರ ಸಿಕ್ಕರೆ ಮುಂದಿನ ಕಂತಿನಲ್ಲಿ ನಮಗೆ. ದೇವೇಗೌಡರನ್ನು ಕಾವೇರಿಯ ಹೋರಾಟಗಾರರಾಗಿ ನೆನೆಯುವ ನಾವು, ಇಂಥ ಒಪ್ಪಂದದ ಮೇಲಿನ ಅವರ ಸಹಿಯನ್ನು ನೆನೆಯುವುದು ಕಡಿಮೆ.

ಅಂದರೆ ಸಮ್ಮಿಶ್ರ ಸರ್ಕಾರ ಎಂಬುದೇ ಅಡ್ಡಿಯಲ್ಲ. ಬಾಧೆಗೆ ಒಳಗಾಗುವ ರಾಜ್ಯ ಮಾತುಕತೆಯ ಒಳಗಿತ್ತೇ, ಹೊರಗಿತ್ತೇ ಎಂಬುದೇ ಮುಖ್ಯ. 2015ರ ಭೂಗಡಿ ಒಪ್ಪಂದವೂ ಇದನ್ನೇ ಹೇಳುತ್ತದೆ. 1974ರಲ್ಲಿ ಇಂದಿರಾ ಮತ್ತು ಬಾಂಗ್ಲಾದೇಶದ ಮುಜೀಬ್ ಒಪ್ಪಿದ್ದ ಗಡಿ ಸರಿಪಡಿಸುವಿಕೆ ನಾಲ್ಕು ದಶಕ ಕೊಳೆಯಿತು. ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನ ತಿದ್ದುಪಡಿ ಬೇಕೆಂದು ಬೇರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಹೇಳಿತ್ತು. ಮೂರನೇ ಎರಡರ ಬಹುಮತವನ್ನು ಯುಪಿಎ ಕೂಡಿಸಲಾಗಲಿಲ್ಲ. ಆಗ ವಿರೋಧಿಸಿದ್ದ ಬಿಜೆಪಿ ಅಧಿಕಾರಕ್ಕೆ ಬಂದ ಮೇಲೆ ನಿಲುವು ಬದಲಿಸಿತು. ಪುನರ್ವಸತಿಗೆ ಕೇಂದ್ರ ಹಣ ಕೊಡುವುದಾಗಿ ಒಪ್ಪಿದ ಮೇಲೆ ಮಮತಾ ಕೂಡ ಸಹಕರಿಸಿದರು, ಜೂನ್‌ನಲ್ಲಿ ಢಾಕಾದಲ್ಲಿ ಮೋದಿಯವರ ಜೊತೆ ನಿಂತರು. ಒಂದು ದೇಶಕ್ಕೆ ಸೇರಿದ್ದರೂ ಇನ್ನೊಂದು ದೇಶದ ಒಳಗೆ ಸಿಲುಕಿದ್ದ, ಎರಡೂ ಬದಿಯ 162 ಗಡಿತುಣುಕುಗಳ ವಿನಿಮಯ 2015ರ ಜುಲೈ 31ರ ಮಧ್ಯರಾತ್ರಿ ನಡೆಯಿತು. ಕೂಚ್‌ಬಿಹಾರ್ ಸುತ್ತಲಿನ ಆ ತುಣುಕುಗಳಲ್ಲಿ ಹುಟ್ಟಿದವರಿಗೆ ಅಲ್ಲಿಯವರೆಗೆ ಯಾವ ದೇಶವೂ ಇರಲಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಪಕ್ಕದ ಊರಿನ ಯಾರನ್ನೋ ತಂದೆಯೆಂದು ಬರೆಸಬೇಕಿತ್ತು; ಹೆರಿಗೆಗೆ ಆಸ್ಪತ್ರೆಗೆ ಹೋದವಳು ಬೇರೊಬ್ಬನನ್ನು ಗಂಡನೆಂದು ಹೇಳಬೇಕಿತ್ತು. ದೆಹಲಿ ಮತ್ತು ರಾಜ್ಯಗಳ ನಡುವೆ ಮಾತು ಮುರಿದುಬಿದ್ದಾಗ ಅದರ ಬೆಲೆ ತೆರುವವರು ಇಂಥವರು.

ಒಂದೇ ಸ್ಥಾನದ ರಾಜ್ಯ

ಮತ್ತೆ ಮಿಜೋರಾಂಗೆ ಬರೋಣ. ಲೋಕಸಭೆಯಲ್ಲಿ ತಮಿಳುನಾಡಿಗೆ 39 ಸ್ಥಾನ, ಪಶ್ಚಿಮ ಬಂಗಾಳಕ್ಕೆ 42, ಮಿಜೋರಾಂಗೆ ಒಂದು. ಸ್ಥಾನಬಲವೇ ಎಲ್ಲವೂ ಆಗಿದ್ದರೆ ಐಜಾಲ್‌ನ ಮಾತಿಗೆ ಬೆಲೆಯೇ ಇರಬಾರದಿತ್ತು. ಆದರೂ 2021ರಲ್ಲಿ ಅದು ದೆಹಲಿಯ ಸೂಚನೆಯನ್ನು ಪಾಲಿಸಲಿಲ್ಲ, ದೆಹಲಿಯೂ ಪಟ್ಟು ಹಿಡಿಯಲಿಲ್ಲ. ಗಡಿ ಕಾಯುವ ಅಸ್ಸಾಂ ರೈಫಲ್ಸ್ ಕೇಂದ್ರದ್ದೇ ಆದರೂ, ಊರಿಗೆ ಊರೇ ಬಂದವರ ಪರ ನಿಂತಾಗ ಬಲವಂತದಿಂದ ಹಿಂದಕ್ಕೆ ತಳ್ಳುವುದು ಆಗದ ಕೆಲಸ. ಇಪ್ಪತ್ತು ವರ್ಷದ ಬಂಡಾಯದ ನಂತರ 1986ರ ಒಪ್ಪಂದದಿಂದ ಶಾಂತಿ ಕಂಡ ನೆಲ ಅದು. ಆ ಬಂಡಾಯದ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರೇ ಜೋರಾಮ್‌ಥಂಗಾ. ಮಿಜೋ ಮನಸ್ಸನ್ನು ಮತ್ತೆ ಕೆಣಕುವುದು ಎಷ್ಟು ದುಬಾರಿಯೆಂದು ದೆಹಲಿಗೆ ಗೊತ್ತಿತ್ತು.

ಅಲ್ಲಿನವರಿಗೆ ಗಡಿ ಎಂಬುದು ಎಷ್ಟು ತೆಳುವೆಂದು ತಿಳಿಯಲು ಜೋಖಾವ್‌ತಾರ್ ಎಂಬ ಗಡಿ ಊರನ್ನು ನೋಡಬೇಕು. ಟಿಯಾವು ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ರಿಹ್ ದಿಲ್ ಸರೋವರ ಸಿಗುತ್ತದೆ. ಸತ್ತವರ ಆತ್ಮ ಆ ಸರೋವರದ ಮೂಲಕ ಪರಲೋಕಕ್ಕೆ ಹೋಗುತ್ತದೆ ಎಂಬುದು ಮಿಜೋ ಜನರ ಹಳೆಯ ನಂಬಿಕೆ. ಮಿಜೋರಾಂನ ಅತಿದೊಡ್ಡ ಸರೋವರ ಇರುವುದು ಮ್ಯಾನ್ಮಾರ್‌ನಲ್ಲಿ ಎಂದು ಅಲ್ಲಿನವರು ಹೇಳುವುದುಂಟು.

ದೆಹಲಿಯ ನೋಟ ಬೇರೆ. ಮ್ಯಾನ್ಮಾರ್‌ನ ಸಿತ್ವೆ ಬಂದರಿನಿಂದ ಮಿಜೋರಾಂಗೆ ತಲುಪುವ ಕಲಾದಾನ್ ಸಾರಿಗೆ ಯೋಜನೆ, ಚೀನಾದ ಪ್ರಭಾವ, ಈಶಾನ್ಯದ ಉಗ್ರರು, ಮಾದಕ ವಸ್ತು ಸಾಗಣೆ ಇವೆಲ್ಲಕ್ಕೂ ಆ ದೇಶದ ರಾಜಧಾನಿ ನೇಪಿಡಾದ ಸೇನಾಡಳಿತದ ಜೊತೆ ಸಂಬಂಧ ಬೇಕು. 2021ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೇನಾಡಳಿತವನ್ನು ಖಂಡಿಸಿದಾಗ ಭಾರತ ಮತ ಹಾಕದೆ ಉಳಿಯಿತು. ಈ ಕಾರಣಗಳು ಪೊಳ್ಳಲ್ಲ. ಆದರೆ ಅವುಗಳ ಎದುರು ಮಿಜೋ ಜನರ ಕಾರಣಗಳನ್ನು ತೂಗಿ ನೋಡುವ ಅಧಿಕೃತ ಸ್ಥಳ ಒಂದೂ ಇಲ್ಲ.

2024ರ ಫೆಬ್ರುವರಿಯಲ್ಲಿ ಅದು ನಿಚ್ಚಳವಾಯಿತು. 1,643 ಕಿ.ಮೀ. ಗಡಿಗೂ ಬೇಲಿ ಹಾಕುವುದಾಗಿ, ಗಡಿಯ ಎರಡೂ ಬದಿಯ 16 ಕಿ.ಮೀ. ಒಳಗಿನವರು ವೀಸಾ ಇಲ್ಲದೆ ಓಡಾಡುವ ವ್ಯವಸ್ಥೆಯನ್ನು ರದ್ದುಪಡಿಸುವುದಾಗಿ ಗೃಹ ಸಚಿವ ಅಮಿತ್ ಶಾ ಪ್ರಕಟಿಸಿದರು. ಮಣಿಪುರದ ಮುಖ್ಯಮಂತ್ರಿ ಬಿರೇನ್ ಸಿಂಗ್ ಕೇಳಿದ್ದೂ ಇದನ್ನೇ. ಅಲ್ಲಿನ 60 ವಿಧಾನಸಭಾ ಕ್ಷೇತ್ರಗಳಲ್ಲಿ 40 ಇರುವುದು ಮೈತೇಯಿಗಳು ಹೆಚ್ಚಾಗಿರುವ ಇಂಫಾಲ್ ಕಣಿವೆಯಲ್ಲಿ. 2023ರ ಮೇ 3ರಿಂದ ಹೊತ್ತಿ ಉರಿದ ಮೈತೇಯಿ–ಕುಕಿ ಸಂಘರ್ಷದ ಮೇಲಂತೂ ಕಣಿವೆಯ ರಾಜಕಾರಣ ಮ್ಯಾನ್ಮಾರ್ ಗಡಿಯನ್ನು ಅಪಾಯವಾಗಿಯೇ ಕಂಡಿತು. ಮಣಿಪುರದ ಬೆಟ್ಟಗಳಲ್ಲಿರುವ ಕುಕಿ–ಜೋ ಜನರಿಗೆ ಗಡಿಯಾಚೆ ಇರುವವರು ಬಂಧುಗಳು, ಆದರೆ ಆ ಬೆಟ್ಟಗಳ ದನಿ ಇಂಫಾಲ್‌ನಲ್ಲೇ ಅಲ್ಪಸಂಖ್ಯಾತ. ಮಿಜೋರಾಂ ಮತ್ತು ನಾಗಾಲ್ಯಾಂಡ್ ವಿಧಾನಸಭೆಗಳು ಬೇಲಿಯ ವಿರುದ್ಧ ನಿರ್ಣಯ ಅಂಗೀಕರಿಸಿದವು. 2024ರ ಕೊನೆಗೆ ಓಡಾಟದ ಮಿತಿ 10 ಕಿ.ಮೀ.ಗೆ ಇಳಿದು, ಪಾಸ್ ಪದ್ಧತಿಯಾಗಿ ಮರಳಿತು. ವಿಧಾನಸಭೆ ಮಾಡಿದ ನಿರ್ಣಯಕ್ಕೆ ಇಂಥ ವಿಷಯದಲ್ಲಿ ಕಾನೂನಿನ ತೂಕವೇ ಇಲ್ಲ ಎಂಬುದು ನನಗೆ ಸರಿ ಕಾಣುವುದಿಲ್ಲ. ಗಡಿಯಲ್ಲಿ ಬದುಕುವವರು ಗಡಿ ನೀತಿಯ ವಿಷಯದಲ್ಲಿ ಬರೀ ಅರ್ಜಿದಾರರಾಗಿ ಉಳಿಯಬಾರದು.

ಇಲ್ಲದಿರುವುದು ಏನು

ಮೊದಲನೆಯದಾಗಿ, ನಿರಾಶ್ರಿತರ ಕಾನೂನು. ಇಷ್ಟು ದೊಡ್ಡ ದೇಶಕ್ಕೆ, ಇಷ್ಟು ಪ್ರಕ್ಷುಬ್ಧ ನೆರೆಯ ನಡುವೆ, ಅದು ಇಲ್ಲ. ಆದ್ದರಿಂದ ಟಿಬೆಟನ್ನರಿಗೆ ಒಂದು ನ್ಯಾಯ, ಲಂಕಾ ತಮಿಳರಿಗೆ ಇನ್ನೊಂದು, ಚಿನ್ ಜನರಿಗೆ ಮತ್ತೊಂದು, ರೋಹಿಂಗ್ಯಾಗಳಿಗೆ ಬೇರೆಯೇ ಒಂದು. ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಮದುವೆಯಾಗಿ, ಪೌರತ್ವವಿಲ್ಲದೆ ಉಳಿದವರಿದ್ದಾರೆ. 2021ರಲ್ಲಿ ರಾಜ್ಯ ಸರ್ಕಾರ ಆ ಶಿಬಿರಗಳ ಮನೆಗಳ ದುರಸ್ತಿಗೆ, ಮಕ್ಕಳ ಓದಿಗೆ ಹಣ ಒದಗಿಸಿತು. ಪೌರತ್ವ ಮಾತ್ರ ದೆಹಲಿಯ ಕೈಯಲ್ಲಿದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಅವರನ್ನು ಒಳಗೊಳ್ಳಲಿಲ್ಲ.

ಎರಡನೆಯದು ವೇದಿಕೆ. 263ನೇ ವಿಧಿಯಡಿ 1990ರಲ್ಲಿ ರಚನೆಯಾದ ಅಂತರರಾಜ್ಯ ಮಂಡಳಿ 2016ರ ಜುಲೈಯಲ್ಲಿ ಸಭೆ ಸೇರಿದ ನಂತರ ವರ್ಷಗಟ್ಟಲೆ ನಿಷ್ಕ್ರಿಯವಾಯಿತು. 2014ರಲ್ಲಿ ವಿದೇಶಾಂಗ ಸಚಿವಾಲಯದಲ್ಲಿ ರಾಜ್ಯಗಳಿಗಾಗಿಯೇ ಒಂದು ವಿಭಾಗ ತೆರೆದರು, ಆದರೆ ಅದರ ಗಮನ ಹೆಚ್ಚಾಗಿ ಹೂಡಿಕೆ, ವ್ಯಾಪಾರ, ಅನಿವಾಸಿಗಳ ಕಡೆಗೆ.

ಸಹಕಾರ ಸಾಧ್ಯ ಎಂಬುದಕ್ಕೆ 2022 ಸಾಕ್ಷಿ. ಲಂಕೆಯಲ್ಲಿ ಪೆಟ್ರೋಲ್, ಗ್ಯಾಸ್, ಔಷಧ ಸಿಗದೆ ಜನ ಬೀದಿಗಿಳಿದಾಗ ತಮಿಳುನಾಡು ವಿಧಾನಸಭೆ ನೆರವು ಕಳುಹಿಸಲು ಅನುಮತಿ ಕೋರಿ ನಿರ್ಣಯ ಮಾಡಿತು. ಕೇಂದ್ರ ಒಪ್ಪಿತು. 40 ಸಾವಿರ ಟನ್ ಅಕ್ಕಿ, 500 ಟನ್ ಹಾಲಿನ ಪುಡಿ, ಜೀವರಕ್ಷಕ ಔಷಧಗಳು ಕಂತುಗಳಲ್ಲಿ ಹೊರಟವು. ಮೇ 18ರಂದು ಮೊದಲ ಹಡಗು ಚೆನ್ನೈ ಬಿಟ್ಟಿತು. ತಮಿಳರಿಗಷ್ಟೇ ಅಲ್ಲ, ಇಡೀ ಲಂಕೆಯ ಜನರಿಗೆ. ದೆಹಲಿಯಲ್ಲಿ ಬಿಜೆಪಿ, ಚೆನ್ನೈಯಲ್ಲಿ ಡಿಎಂಕೆ. ದಿನವೂ ಕಚ್ಚಾಡುತ್ತಿದ್ದ ಎರಡು ಸರ್ಕಾರಗಳು. ಅದು ಯಾರಿಗೂ ಅಡ್ಡಬರಲಿಲ್ಲ, ಏಕೆಂದರೆ ಈ ಸಲ ರಾಜ್ಯ ಕೇಳಿದ್ದು ಕೊಡುವುದಕ್ಕೆ, ತಡೆಯುವುದಕ್ಕಲ್ಲ. ನೀರು, ನೆಲದ ವಿಷಯದಲ್ಲಿ ಕಳೆದುಕೊಳ್ಳುವ ಭಯ ಬಂದಾಗ ಅದೇ ಸಹಕಾರಕ್ಕೆ ನಿಯಮದ ಆಸರೆ ಬೇಕಾಗುತ್ತದೆ.

ಆ ಪರೀಕ್ಷೆ ಈಗ ಎದುರಿಗಿದೆ. ಗಂಗಾ ಒಪ್ಪಂದದ ಮೂವತ್ತು ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ; ಮುಂದುವರಿಯಬೇಕಾದರೆ ಎರಡೂ ದೇಶ ಒಪ್ಪಬೇಕು. 1996ರಲ್ಲಿ ಹಸೀನಾ, ದೇವೇಗೌಡ, ಬಸು ನಡುವೆ ಇದ್ದ ವಿಶ್ವಾಸದ ಕೊಂಡಿ ಈಗ ಇಲ್ಲ. 2024ರ ಜೂನ್‌ನಲ್ಲೇ, ಫರಕ್ಕಾ ಮತ್ತು ತೀಸ್ತಾ ಮಾತುಕತೆಗೆ ರಾಜ್ಯವನ್ನು ಕರೆಯಲಿಲ್ಲವೆಂದು ಮಮತಾ ಪ್ರಧಾನಿಗೆ ಬರೆದಿದ್ದರು. ಮಾಲ್ದಾ, ಮುರ್ಷಿದಾಬಾದ್ ಜಿಲ್ಲೆಗಳಲ್ಲಿ ಗಂಗೆ ದಡ ಕೊರೆದು ಊರುಗಳನ್ನೇ ನುಂಗಿದೆ. ಬಿಹಾರದ ದೂರು ಇನ್ನೂ ಹಳೆಯದು: ಫರಕ್ಕಾದಿಂದ ಹೂಳು ತುಂಬಿ ನಮ್ಮಲ್ಲಿ ಪ್ರವಾಹ ಹೆಚ್ಚುತ್ತಿದೆ, ಆ ಬ್ಯಾರೇಜನ್ನೇ ತೆಗೆಯಿರಿ ಎಂದು ನಿತೀಶ್ ಕುಮಾರ್ 2016ರಲ್ಲಿ ಕೇಳಿದ್ದರು. ಬಿಹಾರಕ್ಕೆ ಬಾಂಗ್ಲಾದೇಶದ ಜೊತೆ ಗಡಿ ಇಲ್ಲ, ಹಾಗಾಗಿ ಈ ಚರ್ಚೆಯಲ್ಲಿ ಅದರ ಹೆಸರು ಕೇಳಿಬರುವುದೂ ಕಡಿಮೆ. ಢಾಕಾದ ಎದುರು ಕೂರುವ ಭಾರತದ ನಿಯೋಗದಲ್ಲಿ ಕೋಲ್ಕತ್ತ ಮತ್ತು ಪಟ್ನಾದ ನೀರಾವರಿ ಎಂಜಿನಿಯರುಗಳಿಗೂ ಕುರ್ಚಿ ಇರಬೇಕು, ಆ ಎರಡೂ ರಾಜ್ಯಗಳ ಆಕ್ಷೇಪಗಳಿಗೆ ಸಹಿಗೆ ಮುನ್ನವೇ ಲಿಖಿತ ಉತ್ತರ ಸಿಗಬೇಕು.